ಮಕ್ಕಳ ನಗೆಗತೆ ಶಿಬಿರ: ಬದಿಯಡ್ಕದ ಬಳಿಯ ಎರಡು ದಿನಗಳು

ಬೇಸಗೆ ರಜೆಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿ ಹಳೆಯ ಮನೆಯೊಂದರ ಚಾವಡಿಯಲ್ಲಿ ನಡೆದ ನಗೆಗತೆ ಶಿಬಿರಕ್ಕೆ ಆರನೆಯ ತರಗತಿಯ ಮಗಳನ್ನು ಕಳುಹಿಸಿದ್ದೆ. ಊಟವೂ ಸೇರಿ ಶುಲ್ಕ 500 ರೂಪಾಯಿ. ನಾಲ್ಕು ನಗೆಹನಿಗಳನ್ನು ಬಾಯಿಪಾಠ ಮಾಡಿಸಿ ಕಳುಹಿಸುತ್ತಾರೆಂದು ಭಾವಿಸಿದ್ದ ನನಗೆ, ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ ಮೊದಲ ದಿನದ ಪಾಠ ಅನಿರೀಕ್ಷಿತವಾಗಿತ್ತು.

ನಿವೃತ್ತ ಅಧ್ಯಾಪಕರೊಬ್ಬರು ಕರಿಹಲಗೆಯ ಮೇಲೆ ‘ಪಟ್ಟಿ’ ಎಂದು ಬರೆದರು. ಈ ಪದಕ್ಕೆ ಮಲಯಾಳದಲ್ಲಿ ನಾಯಿ ಎಂಬ ಅರ್ಥವಿರುವುದನ್ನು ಕಾಸರಗೋಡಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. “ಹತ್ತು ಗಂಟೆಯೊಳಗೆ ಪಟ್ಟಿ ಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ, ಕನ್ನಡ ಬಾರದ ಹೊಸ ಪ್ಯೂನ್ ಏನು ಮಾಡಿಯಾನು?” ಚಾವಡಿಯೇ ನಕ್ಕಿತು. ನಗು ನಿಂತ ಬಳಿಕ ಅವರು, “ಯಾರ ಮನೆಯ ನಾಯಿ? ಯಾವುದರಿಂದ ಕಟ್ಟಿ ತಂದ? ಆಮೇಲೆ?” ಎಂದು ಕೇಳುತ್ತಲೇ ಹೋದರು. ಶ್ಲೇಷೆ ಒಂದೇ ಸಾಲಿಗೆ ಮುಗಿದುಹೋಗುವುದನ್ನೂ, ಅದರ ಪರಿಣಾಮಗಳನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಬೆಳೆಸಿದಾಗ ಮಾತ್ರ ಕತೆಯಾಗುವುದನ್ನೂ ಮಕ್ಕಳು ಹೀಗೆ ತಾವೇ ಕಂಡುಕೊಂಡರು.

ಮಗಳ ಕತೆಯಲ್ಲಿ, ಬಾಳೆನಾರಿನಲ್ಲಿ ಕಟ್ಟಿ ತಂದ ನಾಯಿಗೆ ಕ್ರಮಸಂಖ್ಯೆ ಕೊಟ್ಟು ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ಕಳುಹಿಸುತ್ತಾರೆ. ಅಲ್ಲಿಂದ “ಪಟ್ಟಿ ತಲಪಿದೆ, ಇನ್ನೆರಡು ಪ್ರತಿ ಕಳುಹಿಸಿ” ಎಂಬ ಉತ್ತರ ಬರುತ್ತದೆ. ನಡುವೆ ಅವಳು ಬರೆದಿದ್ದ “ಎಲ್ಲರೂ ಬಿದ್ದು ಬಿದ್ದು ನಕ್ಕರು” ಎಂಬ ಸಾಲನ್ನು ಅಧ್ಯಾಪಕರು ಹೊಡೆದುಹಾಕಿದರು. ಪಾತ್ರಗಳೇ ನಕ್ಕುಬಿಟ್ಟರೆ ಓದುಗನಿಗೆ ಕೆಲಸವಿಲ್ಲವೆಂದು ಹೇಳಿ, ತೆಂಕುತಿಟ್ಟು ಯಕ್ಷಗಾನದ ಹಾಸ್ಯಗಾರ ತಾನು ನಗದೆ ಸಭೆಯನ್ನು ನಗಿಸುವ ಬಗೆಯನ್ನು ನೆನಪಿಸಿದರು. ಆಟ ನೋಡಿ ಬೆಳೆದ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಪ್ಯೂನಿನ ತೊದಲುವಿಕೆಯನ್ನು ಗೇಲಿ ಮಾಡಿದ್ದ ಹುಡುಗನನ್ನು ಗದರಿಸದೆ, ಮಲಯಾಳ ಬಾರದೆ ಪೇಚಿಗೆ ಸಿಲುಕುವ ಮುಖ್ಯೋಪಾಧ್ಯಾಯರನ್ನು ಬರೆಯಲು ಹೇಳಿದ್ದು ನನಗೆ ತುಂಬ ಹಿಡಿಸಿತು. ಆ ಕತೆಯೇ ಹೆಚ್ಚು ನಗಿಸಿತು.

ಎರಡನೆಯ ದಿನದ ಬಗ್ಗೆ ಇಷ್ಟೇ ಉತ್ಸಾಹದಿಂದ ಬರೆಯಲಾರೆ. ಕತೆಗಳನ್ನು ತಿದ್ದಿ ಮತ್ತೆ ಬರೆಯಿಸಬೇಕಿದ್ದ ಮಧ್ಯಾಹ್ನವನ್ನು ಸಮಾರೋಪ ಸಮಾರಂಭ ನುಂಗಿತು. ವೇದಿಕೆಯಲ್ಲಿದ್ದ ಐವರೂ ಹಾಸ್ಯದ ಮಹತ್ವದ ಕುರಿತು ಬಹಳ ಗಂಭೀರವಾಗಿ ಮಾತನಾಡಿದರು. ಕತೆ ಓದಲು ಕಾದಿದ್ದ ಎಂಟು ಮಕ್ಕಳಿಗೆ ಸರದಿಯೇ ಬರಲಿಲ್ಲ. ಭಾಷಣಗಳನ್ನು ಕಡಿಮೆ ಮಾಡಿ, ತಿದ್ದುವುದಕ್ಕೆ ಅರ್ಧ ದಿನ ಮೀಸಲಿಟ್ಟರೆ ಮುಂದಿನ ವರ್ಷವೂ ಮಗಳನ್ನು ಕಳುಹಿಸುತ್ತೇನೆ.

ತಿದ್ದಿ ಕೊಡುತ್ತೇವೆಂದು ಇಟ್ಟುಕೊಂಡ ಕತೆಗಳು ಇನ್ನೂ ಮರಳಿ ಬಂದಿಲ್ಲ. ಫೋನ್ ಮಾಡಿದಾಗಲೆಲ್ಲ ಮಕ್ಕಳ ಹೆಸರಿನ ಪಟ್ಟಿ ಹುಡುಕುತ್ತಿದ್ದೇವೆ ಎನ್ನುತ್ತಾರೆ.