ಸ್ಟಿಕ್ಕರಿನ ಕೆಳಗಿದ್ದ ತಾರೀಖು: ಚಿಕ್ಕಮಗಳೂರಿನ ಒಂದು ಬೀಜದಂಗಡಿ

ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ, ಮೆಣಸಿಗೆ ಬೇಕಾದ ಗೊಬ್ಬರ ಮತ್ತು ಔಷಧಿ ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಹೂವಿನ ಬೀಜಗಳು ಮಾತ್ರ ಅಂಥ ಅಂಗಡಿಗಳ ಯಾವುದೋ ಮೂಲೆಯಲ್ಲಿ, ಸೌತೆ, ಹೀರೆ ಬೀಜಗಳ ಹಿಂದೆ ನೇತಾಡುತ್ತಿರುತ್ತವೆ. ಕಳೆದ ಸೆಪ್ಟೆಂಬರಿನಲ್ಲಿ ಮಳೆಯ ಜೋರು ಇಳಿದ ಮೇಲೆ, ಅಂಥದೊಂದು ಅಂಗಡಿಯಿಂದ ಜೀನಿಯಾ, ಚೆಂಡು ಹೂವು, ಚೈನಾ ಆಸ್ಟರ್, ಡೇರೆ (ಡೇಲಿಯಾ) ಮತ್ತು ಜರ್ಬೆರಾ ಹೀಗೆ ಐದು ಪ್ಯಾಕೆಟ್ ತಂದೆ. ಅಂಗಡಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಮೂವತ್ತು ರೂಪಾಯಿಯ ಜೀನಿಯಾ ಪ್ಯಾಕೆಟ್ಟಿನಿಂದ ಮೂವತ್ತು ಬೀಜ ಎಣಿಸಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಬೆರೆಸಿ ತುಂಬಿದ ಪ್ರೋಟ್ರೇಯಲ್ಲಿ, ಅಂದರೆ ಸಸಿ ಬೆಳೆಸುವ ಗುಣಿಗಳ ತಟ್ಟೆಯಲ್ಲಿ, ಊರಿದೆ. ಐದನೆಯ ದಿನಕ್ಕೆ ಇಪ್ಪತ್ತಾರು ಮೊಳೆತಿದ್ದವು. ಚೆಂಡು ಹೂವೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಬಂತು.

ಆಸ್ಟರ್ ವಿಷಯದಲ್ಲಿ ಹೀಗಾಗಲಿಲ್ಲ. ಐವತ್ತು ಬೀಜ ಹಾಕಿ ಎರಡು ವಾರ ಕಾದರೂ ತಲೆಯೆತ್ತಿದ್ದು ಒಂಬತ್ತು ಮಾತ್ರ. ನೂರಿಪ್ಪತ್ತು ರೂಪಾಯಿ ಕೊಟ್ಟ ಜರ್ಬೆರಾದಲ್ಲಿ ಇದ್ದದ್ದೇ ಹತ್ತು ಬೀಜ, ಹುಟ್ಟಿದ್ದು ಒಂದೇ ಒಂದು ಸಸಿ. ನೀರು ಹೆಚ್ಚಾಯಿತೇನೋ ಎಂದು ನನ್ನನ್ನೇ ಬೈದುಕೊಂಡೆ. ಕೊನೆಗೆ ಖಾಲಿ ಪ್ಯಾಕೆಟ್ಟನ್ನು ತಿರುಗಿಸಿ ನೋಡಿದಾಗ, ಅಂಗಡಿಯ ಬೆಲೆಯ ಸ್ಟಿಕ್ಕರ್ ಸರಿಯಾಗಿ ಬೀಜದ ಮೊಳಕೆ ಪರೀಕ್ಷೆಯ ದಿನಾಂಕದ ಮೇಲೆಯೇ ಅಂಟಿಕೊಂಡಿತ್ತು. ಒದ್ದೆ ಬಟ್ಟೆಯಿಂದ ನೆನೆಸಿ ಉಗುರಿನಿಂದ ಕೆರೆದರೆ, ಬೀಜ ಪರೀಕ್ಷೆಯಾಗಿ ಹದಿನಾಲ್ಕು ತಿಂಗಳು ಕಳೆದಿತ್ತು.

ಜೀನಿಯಾ ಬೀಜವಾದರೆ ಒಣಗಿದ ಜಾಗದಲ್ಲಿ ಕೆಲವು ವರ್ಷ ತಾಳುತ್ತದೆ. ಆಸ್ಟರ್ ಮತ್ತು ಜರ್ಬೆರಾ ಬೀಜಗಳು ಬೇಗ ಸತ್ವ ಕಳೆದುಕೊಳ್ಳುವ ಜಾತಿಯವು. ಅದರಲ್ಲೂ ಜೂನ್‌ನಿಂದ ಆಗಸ್ಟ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ, ಗೊಬ್ಬರದ ಚೀಲಗಳ ಪಕ್ಕ ತೂಗುಬಿಟ್ಟ ಕಾಗದದ ಪ್ಯಾಕೆಟ್ಟಿನೊಳಗೆ ಅವು ಒಂದು ಮಳೆಗಾಲ ಕಳೆದರೆ ಮುಗಿಯಿತು. ಒಂದೇ ಕಪಾಟಿನ ಒಂದು ಬೀಜ ಹುಟ್ಟಿ ಇನ್ನೊಂದು ಹುಟ್ಟದಿರುವುದಕ್ಕೆ ಕಾರಣ ಇಷ್ಟೇ. ಪ್ಯಾಕೆಟ್ ತೋರಿಸಿದಾಗ ಅಂಗಡಿಯವರು, "ಹೂವಿನ ಬೀಜಕ್ಕೆ ಗ್ಯಾರಂಟಿ ಇಲ್ಲ ಸಾರ್," ಎಂದರು. ಆಸ್ಟರಿನ ಬದಲಿಗೆ ಬೇರೆ ಪ್ಯಾಕೆಟ್ ಕೊಟ್ಟರು, ಜರ್ಬೆರಾದ ಹಣ ಮರಳಲಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಆಸ್ಟರ್ ತಳಿಗಳಾದ ಕಾಮಿನಿ, ಪೂರ್ಣಿಮಾ ಇವೆಯೇ ಎಂದು ಕೇಳಿದ್ದಕ್ಕೆ, ಆ ಹೆಸರುಗಳನ್ನೇ ಅವರು ಕೇಳಿರಲಿಲ್ಲ.

ಡೇರೆಯ ಬಗ್ಗೆ ಮಾತ್ರ ನನ್ನ ತಕರಾರಿಲ್ಲ, ಆದರೆ ಮಲೆನಾಡಿನವರು ತಿಳಿದಿರಬೇಕಾದ ಒಂದು ಮಾತಿದೆ. ನಾವು ಅತ್ತೆ, ಚಿಕ್ಕಮ್ಮಂದಿರ ಮನೆಯಿಂದ ಗೆಡ್ಡೆ ತಂದು ನೆಡುವವರು; ಗೆಡ್ಡೆಯಿಂದ ತಾಯಿಗಿಡದ ಹೂವೇ ಬರುತ್ತದೆ, ಬೀಜದಿಂದ ಹಾಗಲ್ಲ. ಪ್ಯಾಕೆಟ್ಟಿನ ಮೇಲೆ ಮುಷ್ಟಿಗಾತ್ರದ, ಎಸಳುಗಳು ಹಲವು ಸುತ್ತಾಗಿರುವ ಕೆಂಪು ಹೂವಿನ ಚಿತ್ರವಿತ್ತು. ನನ್ನ ಹನ್ನೊಂದು ಗಿಡಗಳಲ್ಲಿ ಡಿಸೆಂಬರ್ ಕೊನೆಗೆ ಅರಳಿದ್ದು ಬಹುಪಾಲು ಒಂಟಿ ಸುತ್ತಿನ, ನಡುವೆ ಹಳದಿ ಗುಂಡಿಯಿಟ್ಟಂತಿದ್ದ ಹೂಗಳು. ಒಂದು ಮಾತ್ರ ಹಳೆಯ ರೇಷ್ಮೆ ಸೀರೆಯ ಅಂಚಿನಂಥ ನೇರಳೆ ಬಣ್ಣದ್ದು, ಅಂಥದ್ದನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಮೊದಲ ವರ್ಷವೇ ಬೀಜದ ಗಿಡವೂ ಬುಡದಲ್ಲಿ ಗೆಡ್ಡೆ ಕಟ್ಟುವುದರಿಂದ, ಆ ನೇರಳೆಗೆ ಕಡ್ಡಿ ನೆಟ್ಟು ದಾರ ಕಟ್ಟಿ ಗುರುತು ಮಾಡಿದ್ದೇನೆ.

ಈ ಅಂಗಡಿಯಲ್ಲಿ ಜೀನಿಯಾ, ಚೆಂಡು ಹೂವು, ಡೇರೆ ಬೀಜಗಳನ್ನು ಧೈರ್ಯವಾಗಿ ಕೊಳ್ಳಬಹುದು. ಆಸ್ಟರ್, ಜರ್ಬೆರಾ ಬೇಕಾದವರು ಹಣ ಕೊಡುವ ಮೊದಲೇ ಅಂಗಡಿಯವರ ಎದುರಿಗೆ ಸ್ಟಿಕ್ಕರ್ ಕಿತ್ತು ನೋಡಲಿ. ಎರಡನೆಯ ಸಲ ಹೋದಾಗ ನಾನು ಹಾಗೆ ಮಾಡಿದೆ, ಅವರು ಬೇಸರಪಟ್ಟುಕೊಳ್ಳಲಿಲ್ಲ.