ಒಂದು ಚಳಿಗಾಲ, 30 ಕಿಲೋಮೀಟರ್ ಈಜು, ಒಂದು ಜೊತೆ ನಿಯೋಪ್ರಿನ್ ಕೈಗವಸು

ನವೆಂಬರ್ ಮೊದಲ ವಾರ ಶುರು ಮಾಡಿ ಮಾರ್ಚ್ ಮುಗಿಯುವುದರೊಳಗೆ ಸರೋವರದಲ್ಲಿ ಒಟ್ಟು 30 ಕಿ.ಮೀ. ಈಜಬೇಕು, ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು) ಹಾಕಬಾರದು ಅಂತ ಗುರಿ ಇಟ್ಟುಕೊಂಡಿದ್ದೆ. 44 ಸಲ ನೀರಿಗಿಳಿದು ಮುಗಿಸಿದೆ. ಅದರಲ್ಲಿ 31 ಸಲ 3 ಮಿ.ಮೀ. ದಪ್ಪದ ಈ ನಿಯೋಪ್ರಿನ್ (ಒಂದು ಬಗೆಯ ಮೆತ್ತನೆ ರಬ್ಬರ್) ಕೈಗವಸು ಕೈಯಲ್ಲಿತ್ತು. ಒಂದೆರಡು ದಿನ ಹಾಕಿ ನೋಡಿ ಬರೆಯುತ್ತಿಲ್ಲ.

ಶುರುವಿನಲ್ಲಿ ನೀರು 11 ಡಿಗ್ರಿ ಇತ್ತು. ಬರಿಗೈಯಲ್ಲೇ ಈಜಿದೆ, ತೊಂದರೆ ಆಗಲಿಲ್ಲ. 8 ಡಿಗ್ರಿಗೆ ಇಳಿದ ಮೇಲೆ ಎಲ್ಲ ಬದಲಾಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಬಿಸಿಯನ್ನು ಎಳೆದುಕೊಳ್ಳುತ್ತದೆ. ಎದೆ, ಹೊಟ್ಟೆಯಾದರೂ ಬೆಚ್ಚಗಿರಲಿ ಅಂತ ದೇಹ ಕೈಕಾಲಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಮೊದಲು ಬೆರಳು ಉರಿಯುತ್ತವೆ, ಆಮೇಲೆ ಜೋಮು ಹಿಡಿಯುತ್ತದೆ, ಕೊನೆಗೆ ಎಷ್ಟು ಪ್ರಯತ್ನಪಟ್ಟರೂ ಬೆರಳುಗಳು ಒಂದಕ್ಕೊಂದು ಸೇರುವುದೇ ಇಲ್ಲ, ಕೈ ಬಾಚಣಿಗೆ ಥರ ಆಗಿ ನೀರೆಲ್ಲ ಸಂದಿಯಿಂದ ಜಾರಿಹೋಗುತ್ತದೆ. ಕೈ ಬೀಸುವುದು ಅಷ್ಟೇ, ಮುಂದೆ ಹೋಗುವುದಿಲ್ಲ.

ಆದರೆ ನಾನು ಕೈಗವಸು ಕೊಂಡಿದ್ದು ಈಜಿಗಾಗಿ ಅಲ್ಲ, ಈಜಿ ಬಂದ ಮೇಲಿನ ಐದು ನಿಮಿಷಕ್ಕಾಗಿ. ಒಂದು ಬೆಳಿಗ್ಗೆ ದಡಕ್ಕೆ ಬಂದು ಜಾಕೆಟ್ ಜಿಪ್ ಹಿಡಿಯಲು ಹೋದರೆ ಬೆರಳು ಮಡಚಲೇ ಇಲ್ಲ. ಒದ್ದೆ ಮೈಯಲ್ಲಿ ಗಾಳಿಗೆ ನಿಂತಿದ್ದೆ. ಜೊತೆಗಿದ್ದ ಗೆಳತಿ ಒಂದೊಂದೇ ಬಟ್ಟೆ ಹಾಕಿದಳು. ನೀರಿನಿಂದ ಎದ್ದ ಮೇಲೂ ಸ್ವಲ್ಪ ಹೊತ್ತು ಮೈ ಒಳಗೊಳಗೇ ತಣ್ಣಗಾಗುತ್ತಲೇ ಇರುತ್ತದೆ, ಅದು ಜೋರಾಗುವ ಮೊದಲು ಒಣ ಬಟ್ಟೆ ಮೈಮೇಲೆ ಬರಬೇಕು. ಅವಳು ಇಲ್ಲದಿದ್ದರೆ? ಅವತ್ತು ನಿಜವಾಗಿ ಹೆದರಿದೆ.

ಮೊದಲ ಸಲ ಒಂದು ಸೈಜ್ ದೊಡ್ಡದು ತೆಗೆದುಕೊಂಡೆ. ಅಂಗಡಿಯಲ್ಲಿ ಹಾಯಾಗಿತ್ತು. ನೀರಿನಲ್ಲಿ ಮಣಿಕಟ್ಟಿನಿಂದ ನೀರು ನುಗ್ಗಿ, ಪ್ರತಿ ಸಲ ಕೈ ಎತ್ತಿದಾಗಲೂ ನೀರು ತುಂಬಿದ ಚೀಲ ಎತ್ತಿದ ಹಾಗೆ ಭಾರ. ವಾಪಸ್ ಕೊಟ್ಟು ಚಿಕ್ಕದು ತಂದೆ. ಒಣಗಿದ ಕೈಗೆ ಹಾಕಲು ಸ್ವಲ್ಪ ಒದ್ದಾಡಬೇಕು, ಬೆರಳ ತುದಿಯಲ್ಲಿ ಖಾಲಿ ಜಾಗ ಉಳಿಯಬಾರದು. ಅದೇ ಸರಿಯಾದ ಅಳತೆ. ಒಳಗೆ ಸ್ವಲ್ಪ ನೀರು ಬಂದೇ ಬರುತ್ತದೆ. ಬಂದ ನೀರು ಅಲ್ಲೇ ನಿಂತರೆ ಕೈ ಬಿಸಿಗೆ ಅದೂ ಬೆಚ್ಚಗಾಗುತ್ತದೆ. ಬಂದು ಹೋಗಿ ಮಾಡುತ್ತಿದ್ದರೆ ಎಷ್ಟು ದಪ್ಪ ಇದ್ದರೂ ಸುಮ್ನೆ ದಂಡ.

ಗೆಳತಿಯ 5 ಮಿ.ಮೀ. ಜೋಡಿಯನ್ನೂ ಎರಡು ಸಲ ಹಾಕಿ ನೋಡಿದೆ. ಬೆಚ್ಚಗಿದೆ, ಅನುಮಾನವೇ ಇಲ್ಲ. ಆದರೆ ಗಟ್ಟಿ. 400 ಮೀಟರ್ ಆಗುವಷ್ಟರಲ್ಲಿ ಮುಂಗೈ ಸ್ನಾಯು ನೋಯತೊಡಗಿತು. ನಿಧಾನವಾಗಿ ಬ್ರೆಸ್ಟ್‌ಸ್ಟ್ರೋಕ್ ಮಾಡುವವರಿಗೆ ಅದು ಒಳ್ಳೆಯದು. ದೂರ ಈಜುವವರಿಗೆ 3 ಸಾಕು ಅಂತ ನನಗನ್ನಿಸುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಜನವರಿಯಲ್ಲಿ ನೀರು 4.5 ಡಿಗ್ರಿ ಇದ್ದಾಗ ನನ್ನ ಮಿತಿ 14 ನಿಮಿಷ. ಒಂದು ದಿನ ಕೈ ಚೆನ್ನಾಗಿದೆಯಲ್ಲಾ ಅಂತ 19 ನಿಮಿಷ ಇದ್ದುಬಿಟ್ಟೆ. ದಡದಲ್ಲಿ ಮಾತು ತೊದಲುತ್ತಿತ್ತು, ನಡುಕ ನಿಲ್ಲಲು ಮುಕ್ಕಾಲು ಗಂಟೆ ಬೇಕಾಯಿತು. ಬರಿಗೈಯಲ್ಲಿ ನೋವೇ ಬೇಗ ಹೊರಗೆ ಕರೆಯುತ್ತಿತ್ತು, ಕೈಗವಸು ಆ ಕರೆಯನ್ನು ಮುಚ್ಚಿಬಿಡುತ್ತದೆ. ಅಂದಿನಿಂದ ಕೈ ಹೇಳಿದ್ದನ್ನು ನಂಬುವುದಿಲ್ಲ, ವಾಚ್ ನೋಡಿಯೇ ಹೊರಗೆ ಬರುತ್ತೇನೆ. ಒಬ್ಬರೇ ಹೋಗುವುದಂತೂ ಬೇಡವೇ ಬೇಡ.

ಐಸ್ ಮೈಲ್ ಕನಸಿರುವವರು ಕೈಗವಸಿಗೆ ಒಗ್ಗಿಕೊಳ್ಳಬೇಡಿ. 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಒಂದು ಮೈಲಿ ಈಜುವ ಆ ಸವಾಲಿನಲ್ಲಿ ಈಜುಡುಗೆ, ಟೋಪಿ, ಈಜುಗನ್ನಡಕ ಅಷ್ಟೇ, ಕೈಗವಸಿಗೆ ಅವಕಾಶ ಇಲ್ಲ. 2007ರಲ್ಲಿ ತಣ್ಣೀರಿನ ಈಜಿಗೆ ಹೆಸರಾದ ಲೂಯಿಸ್ ಪ್ಯೂ ಉತ್ತರ ಧ್ರುವದಲ್ಲಿ ಮೈನಸ್ 1.7 ಡಿಗ್ರಿ ನೀರಿನಲ್ಲಿ ಬರಿಗೈಯಲ್ಲಿ 1 ಕಿ.ಮೀ. ಈಜಿದ ಮೇಲೆ ಬೆರಳುಗಳ ಸ್ಪರ್ಶ ಮರಳಲು ತಿಂಗಳುಗಳೇ ಬೇಕಾದವು. ಅವರಂಥವರಿಗೇ ಹಾಗಾದರೆ ನಮ್ಮ ಬೆರಳು ನಾವು ನೋಡಿಕೊಳ್ಳಬೇಕು, ಅಲ್ವಾ?

ಬಾಳಿಕೆ ಪರವಾಗಿಲ್ಲ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ಒಳಗಿನದು ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿದೆ, ಬಿಸಿಲಿಗೆ ಇಟ್ಟರೆ ರಬ್ಬರ್ ಬೇಗ ಹಾಳಾಗುತ್ತದೆ. ಆದರೂ ಫೆಬ್ರವರಿಯಲ್ಲಿ ಬಲಗೈ ಹೆಬ್ಬೆರಳ ಬುಡದಲ್ಲಿ ಹೊಲಿಗೆ ಬಿಟ್ಟಿತು. ಒದ್ದೆ ಇರುವಾಗ ಮಣಿಕಟ್ಟು ಹಿಡಿದು ಜೋರಾಗಿ ಎಳೆದದ್ದೇ ಕಾರಣ ಇರಬೇಕು. ನಿಯೋಪ್ರಿನ್ ಗೋಂದು ಹಚ್ಚಿ ಒಂದು ರಾತ್ರಿ ಬಿಟ್ಟೆ, ಕೊನೆಯ ಒಂಬತ್ತು ಈಜಿಗೂ ಹಿಡಿಯಿತು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮುಂದಿನ ನವೆಂಬರ್‌ಗೆ ಇದೇ ಜೋಡಿ, ಜೊತೆಗೆ ಇದೇ ದಪ್ಪದ ಕಾಲುಚೀಲ ಕೊಳ್ಳಬೇಕು.