ಅರ್ಧ ಬೆಲೆಯ ಇನ್‌ವಾಯ್ಸ್ ಬಂದರೆ ಸರಕು ಹಡಗೇರುವ ಮುನ್ನವೇ ತಡೆಯಿರಿ

ವಿದೇಶದಿಂದ ಯಂತ್ರ ತರಿಸುವ ಸಣ್ಣ ಉದ್ದಿಮೆದಾರರು ಮಾರಾಟದ ಬಿಲ್ಲಾದ ಕಮರ್ಷಿಯಲ್ ಇನ್‌ವಾಯ್ಸ್‌ನ ಕರಡನ್ನು ಮುಂಚಿತವಾಗಿ ತರಿಸಿಕೊಂಡು ಓದಬೇಕೆಂದು ಕೋರುತ್ತೇನೆ. ಪೀಣ್ಯದ ನಮ್ಮ ಘಟಕಕ್ಕೆ ಚೀನಾದ ಶೆಂಜೆನ್‌ನಿಂದ ಬರಬೇಕಿದ್ದ ಮರಗೆಲಸದ ಯಂತ್ರಕ್ಕೆ ಬ್ಯಾಂಕಿನ ಮೂಲಕ 9,000 ಡಾಲರ್ ಪಾವತಿಸಿದ್ದೆವು. ಮಾರಾಟಗಾರರು ನಮ್ಮನ್ನು ಕೇಳದೆ ಇನ್‌ವಾಯ್ಸ್‌ನಲ್ಲಿ 4,500 ಡಾಲರ್ ಎಂದು ನಮೂದಿಸಿದ್ದರು. ನಮಗೆ ಸುಂಕ ಉಳಿಸಿಕೊಡುವ ಉಪಕಾರವೆಂದು ಆಮೇಲೆ ಹೇಳಿದರು. ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಕ್ಲಿಯರಿಂಗ್ ಏಜೆಂಟರು "ಎಲ್ಲರೂ ಹೀಗೇ ಮಾಡ್ತಾರೆ ಸಾರ್" ಎನ್ನುತ್ತ, ನಮ್ಮ ಒಪ್ಪಿಗೆಗೂ ಕಾಯದೆ ಅದರ ಮೇಲೆಯೇ ಬಿಲ್ ಆಫ್ ಎಂಟ್ರಿಯನ್ನು (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಸಲ್ಲಿಸಿಬಿಟ್ಟರು.

1962ರ ಕಸ್ಟಮ್ಸ್ ಕಾಯ್ದೆಯ 14ನೇ ಕಲಮಿನ ಪ್ರಕಾರ ಸುಂಕದ ಲೆಕ್ಕಕ್ಕೆ ಆಧಾರವಾಗುವುದು ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆ. ಘೋಷಣೆ ಸತ್ಯವೆಂಬ ಹೊಣೆ ಆಮದುದಾರರದು, ಮಾರಿದವರದಲ್ಲ. ಅಧಿಕಾರಿಗಳು ಅಂಥದ್ದೇ ಯಂತ್ರಗಳ ಆಮದು ಬೆಲೆಗಳೊಡನೆ ಹೋಲಿಸಿ, 2007ರ ಮೌಲ್ಯ ನಿರ್ಧಾರ ನಿಯಮಗಳ 12ನೇ ನಿಯಮದಂತೆ ಸಂದೇಹ ಎತ್ತಿ, ಪಾವತಿಯ ದಾಖಲೆ ಕೇಳಿದರು. ಆಗ ಮಾರಾಟಗಾರರು ಅದೇ ಸಂಖ್ಯೆ, ಅದೇ ದಿನಾಂಕದಲ್ಲಿ 9,000 ಡಾಲರಿನ ಇನ್ನೊಂದು ಇನ್‌ವಾಯ್ಸ್ ಕಳುಹಿಸಿದ್ದರಿಂದ ಸಂದೇಹ ಬಲವಾಯಿತೇ ಹೊರತು ಕರಗಲಿಲ್ಲ. ಪತ್ರವ್ಯವಹಾರ ಮುಗಿಯುವವರೆಗೆ ಡಿಪೋದಲ್ಲಿ ಕಂಟೈನರ್‌ನ ಬಾಡಿಗೆ ಏರುತ್ತಲೇ ಇತ್ತು. ಕೊನೆಗೆ ಪೂರ್ಣ ಬೆಲೆಯ ಮೇಲೆ ಸುಂಕವನ್ನೂ ಜೊತೆಗೆ ದಂಡವನ್ನೂ ಕಟ್ಟಿದೆವು.

ಕಸ್ಟಮ್ಸ್ ಕಣ್ಣಿಗೆ ಬೀಳದಿದ್ದರೂ ಬ್ಯಾಂಕಿನಲ್ಲಿ ಇದು ಸಿಕ್ಕಿಬೀಳುತ್ತಿತ್ತು. ರಿಸರ್ವ್ ಬ್ಯಾಂಕ್ 2016ರಲ್ಲಿ ಜಾರಿಗೆ ತಂದ ಐಡಿಪಿಎಂಎಸ್ ಎಂಬ ಆಮದು ಪಾವತಿ ನಿಗಾ ವ್ಯವಸ್ಥೆಯಲ್ಲಿ ಹೊರದೇಶಕ್ಕೆ ಹೋದ ಹಣವನ್ನು ಬಿಲ್ ಆಫ್ ಎಂಟ್ರಿಯ ಮೊತ್ತದೊಡನೆ ತಾಳೆ ನೋಡುತ್ತಾರೆ. ಇಷ್ಟಕ್ಕೂ ಉಳಿತಾಯವೆಂಬುದೇ ಅರ್ಧ ಭ್ರಮೆ: ಆಮದಿನ ವೇಳೆ ಕಟ್ಟುವ ಐಜಿಎಸ್‌ಟಿ ನೋಂದಾಯಿತ ಉದ್ದಿಮೆಗೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ (ಮುಂದೆ ಕಟ್ಟುವ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಲು) ಸಿಗುತ್ತದೆ, ಆದರೆ ದಾರಿಯಲ್ಲಿ ಯಂತ್ರಕ್ಕೆ ಹಾನಿಯಾದರೆ ವಿಮೆಯವರು ನೋಡುವುದು ಆ ಅರ್ಧ ಬೆಲೆಯ ಕಾಗದವನ್ನೇ.

ಇನ್‌ವಾಯ್ಸ್‌ನಲ್ಲಿ ಎಫ್‌ಒಬಿ (ಸಾಗಣೆ, ವಿಮೆ ಸೇರದ, ಹಡಗಿಗೇರಿಸುವವರೆಗಿನ ಬೆಲೆ) ಎಂದಿದ್ದರೆ ಸಾಗಣೆ ಮತ್ತು ವಿಮೆಯ ರಸೀದಿಗಳನ್ನೂ ಸಿದ್ಧವಾಗಿಟ್ಟುಕೊಳ್ಳಿ. ಆ ವೆಚ್ಚಗಳು ತಿಳಿಯದಿದ್ದಲ್ಲಿ ಎಫ್‌ಒಬಿ ಬೆಲೆಯ ಶೇ. 20ರಷ್ಟನ್ನು ಸಾಗಣೆಗೂ ಶೇ. 1.125ರಷ್ಟನ್ನು ವಿಮೆಗೂ ಸೇರಿಸಿ ಸುಂಕ ಹಾಕುತ್ತಾರೆ. ಸಮುದ್ರ ಸಾಗಣೆಯ ನಿಜವಾದ ಖರ್ಚು ಅನೇಕ ವೇಳೆ ಅದಕ್ಕಿಂತ ಕಡಿಮೆ. ಪ್ರೊಫಾರ್ಮಾದಲ್ಲಿ (ಮಾರಾಟಕ್ಕೆ ಮುನ್ನ ಕೊಡುವ ಇನ್‌ವಾಯ್ಸ್) ಒಪ್ಪಿದ ಬೆಲೆ, ಬ್ಯಾಂಕಿನ ಟಿಟಿ (ಹಣ ರವಾನೆ) ಪ್ರತಿ ಮತ್ತು ಇನ್‌ವಾಯ್ಸ್‌ನ ಮೊತ್ತ ಒಂದೇ ಆಗಿದ್ದರೆ ಮಾತ್ರ ಸರಕು ಹಡಗೇರಲಿ. ನಮ್ಮ ಲಿಖಿತ ಅನುಮತಿಯಿಲ್ಲದೆ ಬಿಲ್ ಆಫ್ ಎಂಟ್ರಿ ಸಲ್ಲಿಸಬಾರದೆಂದು ಏಜೆಂಟರಿಗೆ ಮೊದಲೇ ಇಮೇಲ್ ಮಾಡಿಡಿ.